ಆಪ್ ಆರ್ಟ್: ಓಡೋದು ಗೆರೆಯಾ, ನಮ್ಮ ಕಣ್ಣಾ?

ಮಂಗಳೂರಿನಲ್ಲಿ ಸೊಳ್ಳೆ ನೆಟ್ ಇಲ್ಲದ ಕಿಟಕಿ ಹುಡುಕೋದು ಕಷ್ಟ. ಉರ್ವ ಮಾರ್ಕೆಟ್ ಕಡೆಯ ಪೀಜಿಗಳಿಂದ ಹಿಡಿದು ಚಿಲಿಂಬಿ, ಲೇಡಿಹಿಲ್ ಫ್ಲ್ಯಾಟುಗಳ ತನಕ ಎಲ್ಲ ಕಡೆ ಉಂಟು. ಈ ಲೇಖನ ಓದೋ ಮೊದಲು ಒಂದು ತುಂಡು ನೆಟ್ ತೆಗೊಳ್ಳಿ. ಅದನ್ನು ಎರಡು ಪದರ ಮಾಡಿ ಬೆಳಕಿಗೆ ಹಿಡಿದು, ಒಂದು ಪದರವನ್ನು ಸ್ವಲ್ಪ ಓರೆ ಮಾಡಿ. ನೀರಿನ ಅಲೆಯ ಹಾಗೆ ದಪ್ಪ ದಪ್ಪ ಪಟ್ಟೆಗಳು ಕಾಣ್ತವೆ. ಕೈ ಒಂದು ಕೂದಲೆಳೆಯಷ್ಟು ಅಲುಗಿದರೂ ಆ ಪಟ್ಟೆ ದಡಬಡ ಓಡ್ತದೆ. ಆದರೆ ನೆಟ್ಟಿನ ದಾರದಲ್ಲಿ ಅಂಥ ಪಟ್ಟೆ ಎಲ್ಲೂ ಇಲ್ಲ!

ಇಲ್ಲದ್ದನ್ನು ಕಣ್ಣು ಕಾಣುವ ಈ ಗುಣವನ್ನೇ ಬಂಡವಾಳ ಮಾಡಿಕೊಂಡ ಕಲೆಗೆ ಆಪ್ ಆರ್ಟ್ ಅಂತ ಹೆಸರು. ಆಪ್ಟಿಕಲ್ ಆರ್ಟ್ ಎಂಬುದರ ಗಿಡ್ಡ ರೂಪ ಅದು. ಕನ್ನಡದಲ್ಲಿ ದೃಷ್ಟಿಭ್ರಮೆಯ ಕಲೆ ಅನ್ನಬಹುದು. ನಮ್ಮ ಬ್ರ್ಯಾಂಚಿನವರು ಸಾಮಾನ್ಯವಾಗಿ ಅಮೂರ್ತ ಚಿತ್ರ ನೋಡಿದರೆ "ಇದು ಎಂತ ಮಾರಾಯ, ಅರ್ಥ ಆಗುದಿಲ್ಲ" ಅಂತ ಮುಂದೆ ಹೋಗ್ತೇವೆ. ಆಪ್ ಆರ್ಟಿನ ಎದುರು ಹಾಗೆ ಹೋಗೋಕೆ ಆಗುವುದಿಲ್ಲ, ಯಾಕೆಂದರೆ ಅದರಲ್ಲಿ ಅರ್ಥ ಮಾಡಿಕೊಳ್ಳೋ ಕಥೆ ಏನೂ ಇರುವುದಿಲ್ಲ. ನೋಡಬೇಕು, ಅಷ್ಟೇ. ಇನ್ನೊಂದು ವಿಷಯ, ಸ್ಕೇಲು, ಕಂಪಾಸು, ಗ್ರಾಫ್ ಶೀಟ್ ಹಿಡಿದು ವರ್ಷಗಟ್ಟಲೆ ಕಳೆಯುವ ನಮ್ಮಂಥವರು ಒಳಗಿನಿಂದ ಅರ್ಥ ಮಾಡಿಕೊಳ್ಳಬಹುದಾದ ಕಲೆ ಇದು. ಹಾಗಾಗಿ ಇದನ್ನು ಒಂದು ಪಾಠದ ಹಾಗೆ ಹಂತ ಹಂತವಾಗಿ ನೋಡೋಣ.

ಮೊದಲು ಒಂದು ವ್ಯತ್ಯಾಸ

ಕಣ್ಣಿಗೆ ಮೋಸ ಮಾಡುವ ಚಿತ್ರಗಳೆಲ್ಲ ಆಪ್ ಆರ್ಟ್ ಅಲ್ಲ. ನಮ್ಮ ಊರಿನ ಉದಾಹರಣೆಯೇ ತೆಗೊಳ್ಳೋಣ. ಉರ್ವದಿಂದ ಬಾವುಟಗುಡ್ಡೆಗೆ ದೂರವೇನಿಲ್ಲ. ಅಲ್ಲಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡುಗಳ ಮೇಲೆ ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರ ತನಕ ಚಿತ್ರ ಬಿಡಿಸಿದರು. ಸಮತಟ್ಟಾದ ಮೇಲ್ಮೈ ಮೇಲೆ ಬೆಳಕು, ನೆರಳು, ಪರ್ಸ್ಪೆಕ್ಟಿವ್ ಬಳಸಿ ಆಳ ತೋರಿಸುವ ಯುರೋಪಿನ ಹಳೇ ವಿದ್ಯೆ ಅದು. ತಲೆ ಎತ್ತಿ ನೋಡಿದರೆ ಮನುಷ್ಯರು, ಬಟ್ಟೆಯ ಮಡಿಕೆ, ಕಟ್ಟಡ ಎಲ್ಲ ಉಬ್ಬಿ ಕಾಣ್ತವೆ.

ಇನ್ನೊಂದು ಉದಾಹರಣೆ ಬೆಂಗಳೂರಿನದ್ದು. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆ ತಂದಿಟ್ಟು ಸುದ್ದಿಯಾದರು. 2019ರಲ್ಲಿ ಗುಂಡಿ ಬಿದ್ದ ರಸ್ತೆಯಲ್ಲಿ ಗಗನಯಾತ್ರಿ ಚಂದ್ರನ ಮೇಲೆ ನಡೆದ ಹಾಗೆ ವಿಡಿಯೋ ಮಾಡಿಸಿದರು. ಅವರು ರಸ್ತೆ ಮೇಲೆ ಬಿಡಿಸುವ ತ್ರೀಡಿ ಚಿತ್ರಗಳು ಒಂದು ನಿರ್ದಿಷ್ಟ ಜಾಗದಲ್ಲಿ ನಿಂತು ನೋಡಿದರೆ ಮಾತ್ರ ಸರಿಯಾಗಿ ಎದ್ದು ಕಾಣ್ತವೆ.

ಇವೆರಡರಲ್ಲೂ ಒಂದು ವಸ್ತು ಉಂಟು. ಸಂತ, ಗುಂಡಿ, ಚಂದ್ರ. ಇಲ್ಲದ ವಸ್ತು ಇದ್ದ ಹಾಗೆ ಕಾಣಿಸೋದೇ ಅಲ್ಲಿನ ಕೆಲಸ. ಆಪ್ ಆರ್ಟಿನಲ್ಲಿ ವಸ್ತುವೇ ಇಲ್ಲ. ಗೆರೆ, ಚೌಕ, ವೃತ್ತ, ಬಣ್ಣ ಅಷ್ಟೇ ಇರ್ತವೆ. ಚಿತ್ರ ಯಾವುದರ ಬಗ್ಗೆ ಅಂತ ಕೇಳಿದರೆ ಉತ್ತರ ನೋಡುವ ಕ್ರಿಯೆಯ ಬಗ್ಗೆಯೇ ಅಂತ. ಅದಕ್ಕೇ ಇದು ಅಮೂರ್ತ ಕಲೆಯ ಒಂದು ಶೈಲಿ.

ಬಣ್ಣದ ಕಾರ್ಖಾನೆಯಿಂದ ಶುರು

ಈ ಶೈಲಿಯ ಬೇರು ಹುಡುಕುತ್ತಾ ಹೋದರೆ ಸಿಗುವವರಲ್ಲಿ ಒಬ್ಬರು ಕಲಾವಿದರಲ್ಲ, ಕೆಮಿಸ್ಟ್! ಫ್ರಾನ್ಸಿನ ಮಿಶೆಲ್ ಯೂಜೀನ್ ಶೆವ್ರೋಲ್ ಗೋಬ್ಲಾಂ ಎಂಬ ಪ್ರಸಿದ್ಧ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದರು. ಕಪ್ಪು ದಾರದ ಬಣ್ಣ ಮಂಕಾಗಿದೆ ಅಂತ ದೂರು ಬಂತು. ಪರೀಕ್ಷೆ ಮಾಡಿ ನೋಡಿದರೆ ಬಣ್ಣದಲ್ಲಿ ತಪ್ಪೇ ಇಲ್ಲ. ಪಕ್ಕದಲ್ಲಿ ನೇಯ್ದ ದಾರದ ಬಣ್ಣದಿಂದಾಗಿ ಕಪ್ಪು ಮಂಕಾಗಿ ಕಾಣುತ್ತಿತ್ತು. ಅಂದರೆ ದೋಷ ಬಣ್ಣದ ತೊಟ್ಟಿಯಲ್ಲಿ ಇರಲಿಲ್ಲ, ನೋಡುವವರ ಕಣ್ಣಲ್ಲಿ ಇತ್ತು. ಇದರ ಬಗ್ಗೆ ಅವರು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು.

ಆ ವಿಚಾರಗಳನ್ನು ಚಿತ್ರಕಾರ ಜಾರ್ಜ್ ಸೆರಾ ಕ್ಯಾನ್ವಾಸಿಗೆ ತಂದರು. ಸಣ್ಣ ಸಣ್ಣ ಬಣ್ಣದ ಚುಕ್ಕಿಗಳನ್ನು ಪಕ್ಕಪಕ್ಕ ಇಟ್ಟರೆ ದೂರದಿಂದ ನೋಡುವ ಕಣ್ಣು ಅದನ್ನು ತಾನೇ ಬೆರೆಸಿಕೊಳ್ತದೆ. ಮೊಬೈಲ್ ಸ್ಕ್ರೀನಿನ ಕೆಂಪು, ಹಸಿರು, ನೀಲಿ ಸಬ್‌ಪಿಕ್ಸೆಲ್ ಕೆಲಸ ಮಾಡೋದೂ ಹೀಗೇ ಅಲ್ವಾ?

ಮುಂದೆ 1959ರಲ್ಲಿ ಬ್ರಿಜೆಟ್ ರೈಲಿ ಎಂಬ ಲಂಡನ್ನಿನ ಕಲಾವಿದೆ ಸೆರಾ ಅವರ ಒಂದು ಸೇತುವೆ ಚಿತ್ರವನ್ನು ಕಲಿಯೋದಕ್ಕಾಗಿ ನಕಲು ಮಾಡಿದರು. ಅದರಿಂದ ಕಲಿತದ್ದನ್ನು ಎರಡೇ ವರ್ಷದಲ್ಲಿ ಬೇರೆ ದಿಕ್ಕಿಗೆ ತಿರುಗಿಸಿದರು. 1961ರಲ್ಲಿ ಅವರು ಮಾಡಿದ 'ಮೂವ್‌ಮೆಂಟ್ ಇನ್ ಸ್ಕ್ವೇರ್ಸ್' ಚಿತ್ರದಲ್ಲಿ ಇರೋದು ಚದುರಂಗದ ಹಲಗೆಯ ಹಾಗೆ ಕಪ್ಪು ಬಿಳಿ ಚೌಕಗಳು ಮಾತ್ರ. ಚೌಕದ ಎತ್ತರ ಬದಲಾಗುವುದಿಲ್ಲ, ಅಗಲ ಮಾತ್ರ ಕಡಿಮೆಯಾಗುತ್ತಾ ಒಂದು ಕಡೆ ಗೆರೆಯಷ್ಟು ಸಪೂರ ಆಗಿ ಮತ್ತೆ ಅಗಲ ಆಗ್ತದೆ. ನೋಡಿದರೆ ಹಲಗೆಯೇ ಒಂದು ಕಂದರದೊಳಗೆ ಮಡಚಿ ಹೋದ ಹಾಗೆ!

ಇದಕ್ಕೂ ಮೊದಲೇ ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಜಾಹೀರಾತು ಚಿತ್ರ ಮಾಡುತ್ತಿದ್ದ ವಿಕ್ಟರ್ ವಾಸರೆಲಿ 1930ರ ದಶಕದಲ್ಲೇ ಬರೀ ಪಟ್ಟೆಗಳಿಂದ ಜೀಬ್ರಾ ಬಿಡಿಸಿದ್ದರು. ಅದರಲ್ಲಿ ಪ್ರಾಣಿಗೆ ಹೊರಗೆರೆ ಇಲ್ಲ. ಪಟ್ಟೆ ಎಲ್ಲಿ ಬಾಗ್ತದೋ ಅಲ್ಲಿ ಮೈ ಕಾಣ್ತದೆ. 1955ರಲ್ಲಿ ಪ್ಯಾರಿಸ್ಸಿನ ಡೆನಿಸ್ ರೆನೆ ಗ್ಯಾಲರಿಯಲ್ಲಿ ಚಲನೆಯೇ ವಿಷಯವಾದ ಪ್ರದರ್ಶನ ಆಯಿತು. 1964ರಲ್ಲಿ 'ಟೈಮ್' ಪತ್ರಿಕೆಯಲ್ಲಿ ಆಪ್ ಆರ್ಟ್ ಎಂಬ ಹೆಸರು ಬಂತು. 1965ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 'ದಿ ರೆಸ್ಪಾನ್ಸಿವ್ ಐ' ಎಂಬ ದೊಡ್ಡ ಪ್ರದರ್ಶನ ಮಾಡಿತು. ಅಲ್ಲಿಂದ ಆಪ್ ಆರ್ಟ್ ಜಗತ್ತಿಗೆಲ್ಲ ಗೊತ್ತಾಯಿತು.

ಹೇಗೆ ಕೆಲಸ ಮಾಡ್ತದೆ? ಮೂರು ತಂತ್ರ

ಒಂದನೇದು: ಎರಡು ಜಾಲರಿಯ ಜಗಳ. ನೆಟ್ಟಿನಲ್ಲಿ ಕಂಡ ಪಟ್ಟೆಗೆ ಮೊಯ್‌ರೇ ಅಂತ ಹೆಸರು. ಇದರ ಲೆಕ್ಕ ನಮಗೆ ಹೊಸದಲ್ಲ. ವರ್ನಿಯರ್ ಕ್ಯಾಲಿಪರ್ ನೆನಪು ಮಾಡಿಕೊಳ್ಳಿ. ಮುಖ್ಯ ಸ್ಕೇಲಿನ ಗೆರೆಗಳ ಅಂತರ 1 ಮಿ.ಮೀ., ವರ್ನಿಯರಿನದ್ದು 0.9 ಮಿ.ಮೀ. ಎರಡೂ ಗೆರೆ ಕೂಡೋದು 9 ಮಿ.ಮೀ.ಗೆ ಒಮ್ಮೆ. ಎರಡು ಅಂತರಗಳನ್ನು ಗುಣಿಸಿ ಅವುಗಳ ವ್ಯತ್ಯಾಸದಿಂದ ಭಾಗಿಸಿದರೆ ಇದೇ ಉತ್ತರ ಬರ್ತದೆ: 0.9 ಭಾಗಿಸು 0.1, ಅಂದರೆ 9. ಮೊಯ್‌ರೇ ಪಟ್ಟೆಯ ಅಂತರವೂ ಅಷ್ಟೇ. ವ್ಯತ್ಯಾಸ ಸಣ್ಣದಾದಷ್ಟು ಪಟ್ಟೆ ದೊಡ್ಡದಾಗ್ತದೆ.

ಓರೆ ಮಾಡಿದಾಗಲೂ ಹಾಗೇ. ಒಂದೇ ಅಳತೆಯ ಎರಡು ಜಾಲರಿಯನ್ನು ಸ್ವಲ್ಪ ತಿರುಗಿಸಿದರೆ, ಗೆರೆಯ ಅಂತರವನ್ನು ಆ ಕೋನದಿಂದ (ರೇಡಿಯನ್ನಿನಲ್ಲಿ) ಭಾಗಿಸಬೇಕು. 1 ಮಿ.ಮೀ. ನೆಟ್ಟನ್ನು 2 ಡಿಗ್ರಿ ತಿರುಗಿಸಿದರೆ ಪಟ್ಟೆಯ ಅಂತರ ಸುಮಾರು 29 ಮಿ.ಮೀ. ಅಂದರೆ ಇಪ್ಪತ್ತೊಂಬತ್ತು ಪಟ್ಟು ದೊಡ್ಡದು. ಅದಕ್ಕೇ ಕೈ ಸ್ವಲ್ಪ ಅಲುಗಿದರೆ ಪಟ್ಟೆ ಅಷ್ಟು ಜೋರಾಗಿ ಓಡೋದು. ಲೋಹದ ತುಂಡಿನಲ್ಲಿ ಆಗುವ ಕಣ್ಣಿಗೆ ಕಾಣದಷ್ಟು ಸಣ್ಣ ಹಿಗ್ಗುವಿಕೆಯನ್ನು ಅಳೆಯೋಕೆ ಮೆಕ್ಯಾನಿಕಲ್‌ನವರು ಇದೇ ಮೊಯ್‌ರೇ ವಿಧಾನ ಬಳಸ್ತಾರೆ. ಲ್ಯಾಪ್‌ಟಾಪ್ ಸ್ಕ್ರೀನಿನ ಫೋಟೋ ಮೊಬೈಲಿನಲ್ಲಿ ತೆಗೆದಾಗ ಬರುವ ಬಣ್ಣ ಬಣ್ಣದ ಅಲೆಯೂ ಇದೇ. ಸ್ಕ್ರೀನಿನ ಪಿಕ್ಸೆಲ್ ಒಂದು ಜಾಲರಿ, ಕ್ಯಾಮೆರಾ ಸೆನ್ಸರ್ ಇನ್ನೊಂದು.

ಈ ಒಂದು ತಂತ್ರದ ಪಟ್ಟೆ ಕಣ್ಣಿನ ತಪ್ಪಲ್ಲ ಅನ್ನೋದು ಗಮನಿಸಿ. ಕ್ಯಾಮೆರಾಕ್ಕೂ ಅದು ಕಾಣ್ತದೆ. ಮುಂದಿನ ಎರಡು ಹಾಗಲ್ಲ.

ಎರಡನೇದು: ಅಂಚಿನ ಜಗಳ. ಶೆವ್ರೋಲ್ ಕಂಡದ್ದು ಇದನ್ನೇ. ನಮ್ಮ ರೆಟಿನಾದ ಜೀವಕೋಶಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಇದ್ದ ಹಾಗೆ ವರದಿ ಮಾಡುವುದಿಲ್ಲ. ಮಧ್ಯದ ಬೆಳಕನ್ನು ಕೂಡಿಸಿ, ಅಕ್ಕಪಕ್ಕದ್ದನ್ನು ಕಳೆದು ಕಳಿಸ್ತವೆ. ಇಮೇಜ್ ಪ್ರೊಸೆಸಿಂಗ್ ಕಲಿತವರಿಗೆ ಇದು ಕನ್ವಲ್ಯೂಷನ್ ಅಂತ ಕೂಡಲೇ ಗೊತ್ತಾಗ್ತದೆ.

ಲೆಕ್ಕ ಮಾಡಿ ನೋಡೋಣ. ಒಂದು ಸಾಲಿನಲ್ಲಿ ಬೆಳಕಿನ ಬೆಲೆ 10, 10, 10, 20, 20, 20 ಅಂತ ಇಟ್ಟುಕೊಳ್ಳಿ. ಪ್ರತಿ ಜಾಗದಲ್ಲಿ ಅದರ ಎರಡು ಪಟ್ಟಿನಿಂದ ಎಡ ಬಲದ ಅರ್ಧರ್ಧ ಕಳೆಯಿರಿ (ಎರಡು ತುದಿಯಾಚೆಗೂ ಅದೇ ಬೆಲೆ ಮುಂದುವರಿಯುತ್ತದೆ ಅಂದುಕೊಂಡು). ಉತ್ತರ 10, 10, 5, 25, 20, 20. ಅಂಚಿನ ಪಕ್ಕದ ಕತ್ತಲೆ ಇನ್ನೂ ಕತ್ತಲೆ, ಬೆಳಕು ಇನ್ನೂ ಬೆಳಕು! ಕಾಗದದಲ್ಲಿ ಇರುವ ಮೆಟ್ಟಿಲಿಗಿಂತ ಕಣ್ಣಲ್ಲಿ ಮೂಡುವ ಮೆಟ್ಟಿಲು ದೊಡ್ಡದು. ಕಪ್ಪು ಬಿಳಿ ಅಂಚುಗಳನ್ನೇ ತುಂಬಿಸಿದ ಆಪ್ ಆರ್ಟ್ ಚಿತ್ರ ಇಷ್ಟು ತೀಕ್ಷ್ಣವಾಗಿ ಹೊಡೆಯಲು ಇದೂ ಒಂದು ಕಾರಣ.

ಆದರೆ ಇಷ್ಟರಲ್ಲೇ ಎಲ್ಲ ಮುಗೀತು ಅಂತ ತಿಳಿಯಬೇಡಿ. 1870ರಲ್ಲಿ ಲುಡಿಮಾರ್ ಹೆರ್ಮನ್ ವರದಿ ಮಾಡಿದ ಜಾಲರಿ ನೀವು ನೋಡಿರ್ತೀರಿ. ಕಪ್ಪು ಚೌಕಗಳ ನಡುವಿನ ಬಿಳಿ ದಾರಿ ಕೂಡುವಲ್ಲಿ ಬೂದು ಚುಕ್ಕಿ ಮಿಣುಕುತ್ತವೆ. ತುಂಬಾ ಪುಸ್ತಕಗಳಲ್ಲಿ ಇದಕ್ಕೆ ಮೇಲಿನ ವಿವರಣೆಯನ್ನೇ ಕೊಡ್ತಾರೆ. ಆದರೆ ಅದೇ ಜಾಲರಿಯ ನೇರ ದಾರಿಗಳನ್ನು ಸ್ವಲ್ಪ ಅಂಕುಡೊಂಕು ಮಾಡಿದರೆ ಚುಕ್ಕಿ ಮಾಯ ಆಗ್ತವೆ! ಕೂಡಿಸಿ ಕಳೆಯುವ ಲೆಕ್ಕ ಮಾತ್ರ ಕಾರಣ ಆಗಿದ್ದರೆ ಇಷ್ಟು ಸಣ್ಣ ಬದಲಾವಣೆಗೆ ಅವು ಹೋಗಬಾರದಿತ್ತು. ಹಾಗಾಗಿ ರೆಟಿನಾ ದಾಟಿ ಮೆದುಳಿನೊಳಗೂ ಏನೋ ನಡೀತದೆ ಅಂತ ಒಪ್ಪಲೇಬೇಕು. ಒಂದು ಮಾಡೆಲ್ ಒಂದು ಕಡೆ ಹೊಂದಿತು ಅಂತ ಎಲ್ಲ ಕಡೆ ಹೊಂದುವುದಿಲ್ಲ ಅನ್ನೋದಕ್ಕೆ ಇದು ಒಳ್ಳೇ ಉದಾಹರಣೆ.

ಮೂರನೇದು: ಮೆದುಳಿನ ಊಹೆ. ರೈಲಿಯವರ ಚೌಕಗಳು ಯಾಕೆ ಮಡಚಿದ ಹಾಗೆ ಕಾಣ್ತವೆ? ಒಂದು ಸಿಲಿಂಡರಿಗೆ ಚೌಕಳಿ ಬಟ್ಟೆ ಸುತ್ತಿ ಮುಂದಿನಿಂದ ನೋಡಿ. ಮಧ್ಯದ ಚೌಕ ಪೂರ್ತಿ ಕಾಣ್ತದೆ, ಬದಿಗೆ ಹೋದ ಹಾಗೆ ಸಪೂರ ಆಗ್ತದೆ. ಮೊದಲ ಸೆಮಿಸ್ಟರಿನ ಡ್ರಾಯಿಂಗಿನಲ್ಲಿ ನಾವು ಮಾಡಿದ ಪ್ರೊಜೆಕ್ಷನ್ನೇ ಇದು. ಹುಟ್ಟಿದಾಗಿನಿಂದ ಮೆದುಳು ಇದನ್ನು ಸಾವಿರ ಸಲ ನೋಡಿದೆ. ಹಾಗಾಗಿ ಕಾಗದದ ಮೇಲೆ ಚೌಕ ಸಪೂರ ಆದದ್ದು ಕಂಡ ಕೂಡಲೇ "ಚೌಕ ಎಲ್ಲ ಒಂದೇ ಅಳತೆ, ಮೇಲ್ಮೈ ಬಾಗಿದೆ" ಅಂತ ತೀರ್ಮಾನ ಮಾಡ್ತದೆ. ನಮ್ಮನ್ನು ಕೇಳುವುದೇ ಇಲ್ಲ.

ಇದರ ಜೊತೆಗೆ ಕಣ್ಣು ಯಾವತ್ತೂ ಸುಮ್ಮನಿರುವುದಿಲ್ಲ. ಒಂದೇ ಚುಕ್ಕಿ ದಿಟ್ಟಿಸಿದರೂ ಅದು ಸಣ್ಣ ಸಣ್ಣದಾಗಿ ಜಿಗೀತಾ ಇರ್ತದೆ. ಬಿಳಿ ಗೋಡೆ ನೋಡುವಾಗ ಇದು ಗೊತ್ತಾಗುವುದಿಲ್ಲ. ಒತ್ತೊತ್ತಾದ ಕಪ್ಪು ಬಿಳಿ ಗೆರೆ ನೋಡುವಾಗ ಪ್ರತಿ ಜಿಗಿತಕ್ಕೂ ಕಪ್ಪಿದ್ದ ಕಡೆ ಬಿಳಿ, ಬಿಳಿ ಇದ್ದ ಕಡೆ ಕಪ್ಪು ಬರ್ತದೆ. ಗೆರೆ ನಡುಗಿದ ಹಾಗೆ ಕಾಣಲು ಇದೂ ಒಂದು ಕಾರಣ ಅಂತ ವಿಜ್ಞಾನಿಗಳು ಹೇಳ್ತಾರೆ.

ನಮ್ಮ ಊರಿನ ಪಟ್ಟೆಗಳು

ಇದೆಲ್ಲ ಪ್ಯಾರಿಸ್, ಲಂಡನ್ ವಿಷಯ, ನಮಗೆಂತ ಅಂತ ಕೇಳಬೇಡಿ. ನವರಾತ್ರಿಗೆ ಕುದ್ರೋಳಿ, ಮಂಗಳಾದೇವಿ ಕಡೆ ತಾಸೆಯ ಪೆಟ್ಟು ಕೇಳಿದರೆ ಸಾಕು, ನಾವೆಲ್ಲ ಪಿಲಿವೇಷ ನೋಡೋಕೆ ಓಡ್ತೇವೆ. ಪಟ್ಟೆ ಪಿಲಿಯ ಮೈ ಒಮ್ಮೆ ಸರಿಯಾಗಿ ಗಮನಿಸಿ. ಹಳದಿ ಬಣ್ಣದ ಮೇಲೆ ಕಪ್ಪು ಪಟ್ಟೆಗಳು ಹೊಟ್ಟೆ, ಭುಜ, ತೊಡೆಯ ಉಬ್ಬು ತಗ್ಗಿನ ಜೊತೆಗೇ ಬಾಗಿ ಹೋಗಿರ್ತವೆ. ವೇಷಧಾರಿ ಹೊಟ್ಟೆ ಒಳಗೆ ಎಳೆದು ಬಿಟ್ಟರೆ ಪಟ್ಟೆಗಳ ಅಂತರ ಬದಲಾಗ್ತದೆ, ಹುಲಿ ಉಸಿರಾಡಿದ ಹಾಗೆ ಕಾಣ್ತದೆ. ವಾಸರೆಲಿ ಜೀಬ್ರಾದಲ್ಲಿ ಮಾಡಿದ್ದೂ ಇದನ್ನೇ: ಪಟ್ಟೆ ಬಾಗಿದ ರೀತಿಯಿಂದ ಮೈ ತೋರಿಸೋದು.

ಬಡಗುತಿಟ್ಟಿನ ಯಕ್ಷಗಾನದ ಚೌಕಳಿ ಸೀರೆಯೂ ಹಾಗೇ. ವೇಷ ನಿಂತಿರುವಾಗ ಚೌಕ ಚೌಕವಾಗಿಯೇ ಇರ್ತದೆ. ದಿಗಿಣ ಹಾಕಿದ ಕೂಡಲೇ ಚೌಕಗಳೆಲ್ಲ ಕರಗಿ ಬಣ್ಣದ ಒಂದು ಸುಳಿ ಆಗ್ತದೆ.

ಇವನ್ನು ಆಪ್ ಆರ್ಟ್ ಅಂತ ಕರೆಯಬೇಕು ಅಂತ ನಾವು ಹೇಳ್ತಿಲ್ಲ. ಪಿಲಿವೇಷ ಹರಕೆ, ನಂಬಿಕೆಯ ವಿಷಯ. ಅದಕ್ಕೆ ಅದರದ್ದೇ ಹೆಸರು ಸಾಕು, ಪ್ಯಾರಿಸ್ಸಿನ ಸರ್ಟಿಫಿಕೇಟ್ ಬೇಡ. ಮೈಗೆ ಗಂಟೆಗಟ್ಟಲೆ ಬಣ್ಣ ಹಚ್ಚುವ ನಮ್ಮ ಕಲಾವಿದರಿಗೆ ಪಟ್ಟೆ ಕಣ್ಣಿಗೆ ಎಂತ ಮಾಡ್ತದೆ ಅಂತ ಕೈಯಲ್ಲೇ ಗೊತ್ತುಂಟು. ರೈಲಿ ಕೂಡ ತಾನು ಆಪ್ಟಿಕ್ಸ್ ಓದಿದವಳಲ್ಲ ಅಂತಲೇ ಹೇಳಿದವರು. ಅವರೂ ಬಿಡಿಸಿ, ನೋಡಿ, ತಿದ್ದಿ ಕಲಿತವರು. ಸೂತ್ರ ಬಂದದ್ದು ಆಮೇಲೆ.

ಭಾರತದ ಅಮೂರ್ತ ಕಲೆಯಲ್ಲಿ ನಾವು ನೋಡಲೇಬೇಕಾದ ಒಂದು ಹೆಸರು ನಸ್ರೀನ್ ಮೊಹಮದಿ (1937–1990). ಬರೋಡಾದಲ್ಲಿ ಪಾಠ ಮಾಡುತ್ತಿದ್ದ ಅವರು ನಮ್ಮ ಹಾಗೇ ಡ್ರಾಫ್ಟಿಂಗ್ ಉಪಕರಣ ಹಿಡಿದು ಪೆನ್ಸಿಲು, ಶಾಯಿಯಲ್ಲಿ ಬರೀ ಗೆರೆ ಎಳೆದವರು. ಅವರದ್ದು ಆಪ್ ಆರ್ಟ್ ಅಲ್ಲ, ತುಂಬಾ ಮೌನವಾದ ಕೆಲಸ. ಆದರೆ ಗೆರೆಗಳ ಅಂತರ ಸ್ವಲ್ಪ ಸ್ವಲ್ಪ ಬದಲಾದರೆ ಖಾಲಿ ಕಾಗದಕ್ಕೆ ಎಷ್ಟು ಆಳ ಬರ್ತದೆ ಅನ್ನೋದು ಅಲ್ಲಿ ಕಾಣ್ತದೆ. ಮಿನಿ ಡ್ರಾಫ್ಟರ್ ಕಂಡರೆ ಸಿಟ್ಟು ಬರುವವರು ಅವರ ಚಿತ್ರ ಹುಡುಕಿ ನೋಡಿ.

ಬರೀ ಗಿಮಿಕ್ಕಾ?

1965ರಲ್ಲೇ ಕೆಲವು ವಿಮರ್ಶಕರು ಇದು ಕಲೆಯಲ್ಲ, ಕಣ್ಕಟ್ಟು ಅಂದರು. ಅವರ ಮಾತಿನಲ್ಲಿ ಸ್ವಲ್ಪ ಸತ್ಯ ಉಂಟು. ಒಂದು ಸಲ "ವಾವ್" ಅಂದು ಮುಗಿಯುವ ಚಿತ್ರಗಳು ಬೇಕಾದಷ್ಟಿವೆ. ಆದರೆ ಮ್ಯಾಜಿಕ್ಕಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಉಂಟು. ಮ್ಯಾಜಿಕ್ಕಿನ ಗುಟ್ಟು ಗೊತ್ತಾದರೆ ಮಜಾ ಹೋಗ್ತದೆ. ಆಪ್ ಆರ್ಟಿನಲ್ಲಿ ಗುಟ್ಟೇ ಇಲ್ಲ, ಎಲ್ಲ ಎದುರಿಗೇ ಉಂಟು. ಸ್ಕೇಲಿಟ್ಟು ಅಳೆದು, ಗೆರೆ ನೇರ ಉಂಟು ಅಂತ ಖಚಿತ ಮಾಡಿಕೊಂಡು ತಲೆ ಎತ್ತಿದರೂ ಅದು ಬಾಗಿಯೇ ಕಾಣ್ತದೆ. ತಿಳಿವಳಿಕೆ ಒಂದು ಹೇಳ್ತದೆ, ಕಣ್ಣು ಇನ್ನೊಂದು ಹೇಳ್ತದೆ, ಎರಡೂ ಒಂದೇ ತಲೆಯೊಳಗೆ! "ನಾನು ಕಣ್ಣಾರೆ ಕಂಡಿದ್ದೇನೆ" ಅಂತ ಜಗಳ ಆಡುವ ಮೊದಲು ಒಂದು ಕ್ಷಣ ನಿಲ್ಲೋದನ್ನು ಕಲಿಸುವ ಕಲೆಯನ್ನು ಬರೀ ಗಿಮಿಕ್ ಅಂತ ನಾವು ಒಪ್ಪುವುದಿಲ್ಲ.

ಆ ವರ್ಷದ ಇನ್ನೊಂದು ಘಟನೆ ನಮಗೆ ನೇರವಾಗಿ ಸಂಬಂಧಪಟ್ಟದ್ದು. ಪ್ರದರ್ಶನಕ್ಕೆ ನ್ಯೂಯಾರ್ಕಿಗೆ ಬಂದ ರೈಲಿಗೆ ಅಂಗಡಿಗಳ ಗಾಜಿನ ಹಿಂದೆ ತಮ್ಮದೇ ಚಿತ್ರಗಳನ್ನು ಹೋಲುವ ಉಡುಪುಗಳು ಕಂಡವು. ಅವರ ಚಿತ್ರ ಕೊಂಡಿದ್ದ ಬಟ್ಟೆ ಉದ್ಯಮಿಯೊಬ್ಬರು ಅದರ ವಿನ್ಯಾಸವನ್ನೇ ಬಟ್ಟೆಗೆ ಇಳಿಸಿದ್ದರು. ಚಿತ್ರ ಕೊಂಡರೆ ಕ್ಯಾನ್ವಾಸ್ ನಮ್ಮದಾಗ್ತದೆ, ವಿನ್ಯಾಸವೂ ನಮ್ಮದಾಗ್ತದಾ? ರೈಲಿಗೆ ತುಂಬಾ ಸಿಟ್ಟು ಬಂತು, ನ್ಯಾಯವೇ. ಫೆಸ್ಟ್ ಪೋಸ್ಟರ್, ಟೀ ಶರ್ಟ್ ಮಾಡುವಾಗ ಇಂಟರ್ನೆಟ್ಟಿನಿಂದ ಸಿಕ್ಕಿದ ಪ್ಯಾಟರ್ನ್ ಎತ್ತಿ ಹಾಕೋದು ನಮ್ಮಲ್ಲೂ ನಡೀತದೆ. ನಮ್ಮ ಕೋಡ್ ಯಾರಾದರೂ ಹೆಸರು ಹಾಕದೆ ಎತ್ತಿದರೆ ನಾವು ಸುಮ್ಮನಿರ್ತೇವಾ? ತಂತ್ರ ಎಲ್ಲರದ್ದು, ಒಬ್ಬರು ಕೂತು ಮಾಡಿದ ಚಿತ್ರ ಅವರದ್ದು.

ಇನ್ನೊಂದು ಎಚ್ಚರಿಕೆ. ಮೈಗ್ರೇನ್ ಇರುವವರಿಗೆ, ಬೆಳಕಿನಿಂದ ಕೆರಳುವ ಅಪಸ್ಮಾರ ಇರುವವರಿಗೆ ಒತ್ತೊತ್ತಾದ ಕಪ್ಪು ಬಿಳಿ ಪಟ್ಟೆ ನಿಜವಾಗಿ ತೊಂದರೆ ಕೊಡಬಹುದು. ಸ್ಟೇಜಿನ ಎಲ್‌ಇಡಿ ಪರದೆಗೆ ಇಂಥ ಡಿಸೈನ್ ಹಾಕುವುದಿದ್ದರೆ ಕಾಂಟ್ರಾಸ್ಟ್ ಕಡಿಮೆ ಮಾಡಿ. ವೆಬ್‌ಸೈಟುಗಳಿಗಿರುವ ನಿಯಮದ ಹಾಗೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಿಸಬೇಡಿ. ನಮಗೆ ತಮಾಷೆಯಾದದ್ದು ಪಕ್ಕದಲ್ಲಿ ಕೂತವರಿಗೆ ತಲೆನೋವು ಆಗಬಾರದು.

ನೀವೇ ಒಂದು ಮಾಡಿ

ಒಂದು ಗ್ರಾಫ್ ಶೀಟ್, ಸ್ಕೇಲ್, ಕಪ್ಪು ಸ್ಕೆಚ್ ಪೆನ್ ಸಾಕು. 40 ಮಿ.ಮೀ. ತ್ರಿಜ್ಯದ ಸಿಲಿಂಡರನ್ನು 15 ಡಿಗ್ರಿಯ ಭಾಗಗಳಾಗಿ ಮಾಡಿ ಸೈನ್ ಬಳಸಿ ಪ್ರೊಜೆಕ್ಟ್ ಮಾಡಿದರೆ ಅಗಲಗಳು ಹೀಗೆ ಬರ್ತವೆ: 10.4, 9.6, 8.3, 6.4, 4.0, 1.4 ಮಿ.ಮೀ. ಅರ್ಧ ಮಿಲಿಮೀಟರಿಗೆ ಸರಿ ಮಾಡಿಕೊಂಡರೆ ಸಾಕು.

ಎಡದಿಂದ ಈ ಕ್ರಮದಲ್ಲಿ ಉದ್ದ ಗೆರೆಗಳನ್ನು ಎಳೆಯಿರಿ. 1.4 ಬಂದ ಮೇಲೆ ಅದೇ ಅಳತೆಗಳನ್ನು ಹಿಂದುಮುಂದಾಗಿ ಮುಂದುವರಿಸಿ. ಅಡ್ಡ ಗೆರೆಗಳು ಎಲ್ಲ ಕಡೆ 10 ಮಿ.ಮೀ. ಅಂತರದಲ್ಲೇ ಇರಲಿ. ಈಗ ಚದುರಂಗದ ಹಾಗೆ ಒಂದು ಬಿಟ್ಟು ಒಂದು ಮನೆಗೆ ಕಪ್ಪು ತುಂಬಿಸಿ. ಮೊದಲ ಎರಡು ಸಾಲಿಗೆ ಏನೂ ಅನಿಸುವುದಿಲ್ಲ, ಬೇಸರ ಬರ್ತದೆ. ಐದಾರು ಸಾಲು ಆಗುವಾಗ ಹಾಳೆ ಮಧ್ಯದಲ್ಲಿ ಒಳಗೆ ಹೋಗೋಕೆ ಶುರು ಮಾಡ್ತದೆ.

ಆಮೇಲೆ ಎರಡು ಬದಲಾವಣೆ ಮಾಡಿ ನೋಡಿ. ಒಂದು, ಅಗಲವನ್ನು ಸೈನ್ ಬಿಟ್ಟು ಸಮವಾಗಿ ಕಡಿಮೆ ಮಾಡಿ: 12, 10, 8, 6, 4, 2. ಮಡಿಕೆ ಮೊದಲಿನಷ್ಟು ದುಂಡಗೆ ಕಾಣ್ತದಾ, ಇಲ್ವಾ? ಎರಡು, ಕಪ್ಪಿನ ಬದಲು ಬೂದು ತುಂಬಿಸಿ. ಆಳ ಎಷ್ಟು ಉಳೀತು? ಪ್ರೋಗ್ರಾಮಿಂಗ್ ಬರುವವರು ಹತ್ತಿಪ್ಪತ್ತು ಸಾಲಿನ ಕೋಡಿನಲ್ಲೂ ಇದನ್ನು ಮಾಡಬಹುದು. ಆದರೆ ಮೊದಲನೇದನ್ನು ಕೈಯಲ್ಲೇ ಮಾಡಿ. ಕಾಗದ ಯಾವ ಸಾಲಿನಲ್ಲಿ ಬಾಗೋಕೆ ಶುರುವಾಯಿತು ಅಂತ ಹೇಳೋಕೆ ಕೈಯಲ್ಲಿ ಮಾಡಿದವರಿಗೆ ಮಾತ್ರ ಆಗೋದು.

ಮಾಡಿದ ಹಾಳೆಗೆ ನಿಮ್ಮ ಹೆಸರು, ಬಳಸಿದ ಅಗಲದ ಲೆಕ್ಕ ಎರಡನ್ನೂ ಬರೆದು ಕನ್ನಡ ಸಂಘದ ಬೋರ್ಡಿಗೆ ಅಂಟಿಸಿ. ಹತ್ತು ಹಾಳೆ ಸೇರಿದರೆ ಕಾರಿಡಾರಿನಲ್ಲೇ ಒಂದು ಸಣ್ಣ ಪ್ರದರ್ಶನ ಮಾಡೋಣ. ಯಾವ ಅಳತೆಗೆ ಕಣ್ಣು ಹೆಚ್ಚು ಮರುಳಾಗ್ತದೆ ಅಂತ ಅಲ್ಲಿ ನಿಂತು ಚರ್ಚೆ ಮಾಡುವ.